ದೇರಪ್ಪನ ಬಾಟಲಿ ದೀಪಗಳು

ಮೂರ್ನಾಡಿನ ಬಸ್‌ಸ್ಟ್ಯಾಂಡಿನಿಂದ ನಾಪೋಕ್ಲು ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ, ಔಷಧಿ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಒಂದು ರಿಪೇರಿ ಅಂಗಡಿ ಇದೆ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಂತೇ ಮಾತಾಡಬೇಕು, ಅಷ್ಟು ಸಣ್ಣದು. ಬೋರ್ಡು ಇಲ್ಲ. ಕೊಡೆಯ ಕಡ್ಡಿ ಮುರಿದವರು, ಕುಕ್ಕರಿನ ಹಿಡಿ ಕಳಚಿದವರು, ಟಾರ್ಚು ಕೆಟ್ಟವರು ‘ಗ್ಯಾಸ್‌ಲೈಟ್ ದೇರಪ್ಪನ ಅಂಗಡಿ ಎಲ್ಲಿ’ ಎಂದು ಕೇಳಿಕೊಂಡು ಬರುತ್ತಾರೆ. ಹಾಗೆ ಕೇಳುವವರಲ್ಲಿ ಅರ್ಧ ಜನಕ್ಕೆ ಗ್ಯಾಸ್‌ಲೈಟ್ ಎಂದರೆ ಏನೆಂದೇ ಗೊತ್ತಿರುವುದಿಲ್ಲ.

ದೇರಪ್ಪನಿಗೆ ಈಗ ಅರವತ್ತೇಳು. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ದೂರದ ನೆಂಟ ಕೂಸಪ್ಪನ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಕೂಸಪ್ಪನ ಹತ್ತಿರ ಹನ್ನೆರಡು ಪೆಟ್ರೊಮ್ಯಾಕ್ಸ್ ದೀಪಗಳಿದ್ದವು. ಊರಿನವರ ಬಾಯಲ್ಲಿ ಅದೇ ಗ್ಯಾಸ್‌ಲೈಟ್. ಸುತ್ತಲ ಹಳ್ಳಿಗಳಿಗೆ ಕರೆಂಟು ಬಾರದ ಕಾಲ ಅದು. ಮದುವೆಯಿರಲಿ, ತಿಥಿಯಿರಲಿ, ನಾಟಕವಿರಲಿ, ಕೂಸಪ್ಪನ ದೀಪ ಬಾಡಿಗೆಗೆ ಹೋಗಬೇಕು, ದೀಪದ ಜೊತೆ ದೇರಪ್ಪನೂ ಹೋಗಬೇಕು. ಸೀಮೆಎಣ್ಣೆ ತುಂಬಿ, ಸ್ಪಿರಿಟ್ಟಿನಲ್ಲಿ ಬಿಸಿ ಮಾಡಿ, ಪಂಪು ಹೊಡೆದರೆ ಮ್ಯಾಂಟಲ್ ಎಂಬ ಪುಟ್ಟ ಬಲೆಯ ಚೀಲ ಬುಸ್ಸೆನ್ನುತ್ತ ಬೆಳ್ಳಗೆ ಹೊತ್ತಿಕೊಳ್ಳುತ್ತಿತ್ತು. ಸುತ್ತ ನಿಂತವರ ಮುಖಗಳೆಲ್ಲ ಒಮ್ಮೆಗೇ ಕಾಣುತ್ತಿದ್ದವು. ಆ ಒಂದು ಗಳಿಗೆಯ ಆಸೆಗೇ ತಾನು ಆ ಕೆಲಸಕ್ಕೆ ಅಂಟಿಕೊಂಡೆ ಎಂದು ದೇರಪ್ಪ ಹೇಳುವುದುಂಟು. ದಮಯಂತಿಯನ್ನು ಮೊದಲು ನೋಡಿದ್ದೂ ಅಂಥ ಬೆಳಕಿನಲ್ಲೇ, ಚೇರಂಬಾಣೆ ಕಡೆಯ ಒಂದು ಮದುವೆಮನೆಯಲ್ಲಿ. ತೆಂಗಿನಕಾಯಿ ತುರಿಯುತ್ತಿದ್ದ ಹುಡುಗಿ ತಲೆಯೆತ್ತಿ, ‘ಕಣ್ಣಿಗೆ ಕುತ್ತುತ್ತದೆ, ಆಚೆ ಇಡಿ’ ಎಂದಿದ್ದಳು. ದೇರಪ್ಪ ದೀಪ ಆಚೆ ಇಟ್ಟ. ಮರುವರ್ಷ ಅವಳನ್ನೇ ಮದುವೆಯಾದ.

ಆಮೇಲೆ ಕರೆಂಟು ಬಂತು, ಇನ್ವರ್ಟರ್ ಬಂತು, ಚಾರ್ಜು ಮಾಡುವ ಲೈಟುಗಳು ಬಂದವು. ಗ್ಯಾಸ್‌ಲೈಟುಗಳು ಒಂದೊಂದಾಗಿ ಗುಜರಿಗೆ ಹೋದವು. ದೇರಪ್ಪ ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. ಕೈಗೆ ಬಂದದ್ದನ್ನು ಬಿಚ್ಚಿ ನೋಡುವುದು, ಸರಿಯಾದರೆ ಖುಷಿಪಡುವುದು, ಆಗದಿದ್ದರೆ ಆಗಲಿಲ್ಲ ಎಂದು ಕೊಟ್ಟು ಕಳಿಸುವುದು, ಇಷ್ಟರಲ್ಲೇ ಅವನ ದಿನಗಳು ನೆಮ್ಮದಿಯಾಗಿ ಹೋಗುತ್ತಿದ್ದವು. ಮಾರಾಟವಾಗದೆ ಉಳಿದ ಮ್ಯಾಂಟಲ್‌ಗಳ ಒಂದು ಡಬ್ಬ ಮಾತ್ರ ಅಟ್ಟದ ಮೇಲೆ ಇತ್ತು. ಎಸೆಯಲು ಮನಸ್ಸು ಬಂದಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಹೋಂಸ್ಟೇ ನಡೆಸುವ ತಂಗಮ್ಮ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಒಂದು ಗೋಣಿಚೀಲ ಇಳಿಸಿದರು.

‘ದೇರಪ್ಪಣ್ಣ, ಇದನ್ನ ಗುಜರಿಯವ್ರು ಬಂದ್ರೆ ಕೊಟ್ಟುಬಿಡಿ. ತೋಟದ ದಾರಿಗೆ ಹಾಕಿದ್ದ ಸೋಲಾರ್ ಲೈಟು. ಎರಡು ವರ್ಷ ಕತ್ತಲಾದ್ರೆ ಅದರಷ್ಟಕ್ಕೇ ಹತ್ತಿಕೊಳ್ತಿತ್ತು. ಈಗ ಒಂದೂ ಹತ್ತೋದಿಲ್ಲ.’

‘ಕಾಲೆಲ್ಲ ಮುರಿದಿದೆಯಲ್ಲ ತಂಗಮ್ಮಕ್ಕ?’

‘ಗೆಸ್ಟ್‌ಗಳ ಮಕ್ಕಳು ಕಿತ್ತು ಕತ್ತಿವರಸೆ ಆಡಿದ್ರು. ಏನು ಹೇಳೋದು? ನಾನು ಹೊಸದು ತಂದಾಯ್ತು.’

ಗುಜರಿಯವನು ಆ ವಾರ ಬರಲಿಲ್ಲ. ಸುಮ್ಮನೆ ಕೂತಿದ್ದ ಒಂದು ಮಧ್ಯಾಹ್ನ ದೇರಪ್ಪ ಚೀಲದಿಂದ ಒಂದು ಲೈಟು ತೆಗೆದು ಬಿಚ್ಚಿದ. ಮೇಲೆ ಬಿಸ್ಕತ್ತಿನಷ್ಟಗಲದ ಸೋಲಾರ್ ಹಲಗೆ, ಅದರ ಕೆಳಗೆ ಉಗುರಿನಷ್ಟು ಸರ್ಕ್ಯೂಟ್, ಒಂದು ಸಣ್ಣ ಎಲ್‌ಇಡಿ, ಒಂದೇ ಒಂದು ಚಾರ್ಜ್ ಆಗುವ ಸೆಲ್ಲು. ಸೆಲ್ಲು ಉಬ್ಬಿ, ಅದರ ಸ್ಪ್ರಿಂಗು ಹಸಿರುಗಟ್ಟಿತ್ತು. ಬೇರೇನೂ ಕೆಟ್ಟಿರಲಿಲ್ಲ. ಇನ್ನೊಂದು ಬಿಚ್ಚಿದ, ಅದೂ ಹಾಗೆಯೇ. ಐದು ಬಿಚ್ಚಿದ ಮೇಲೆ ದೇರಪ್ಪನಿಗೆ ಒಳಗೊಳಗೇ ನಗು ಬಂತು. ಒಂದು ಸೆಲ್ಲು ಹಳೆಯದಾಯಿತೆಂದು ಇಡೀ ದೀಪವನ್ನೇ ಚೀಲಕ್ಕೆ ತುಂಬಿದ್ದರು.

ಗೋಣಿಕೊಪ್ಪಲಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಹೊಸ ಸೆಲ್ಲು ತರಿಸಿದ. ಸ್ಪ್ರಿಂಗಿನ ಕಿಲುಬು ತೆಗೆಯಲು ನಿಂಬೆಹಣ್ಣು ಹಚ್ಚಿ ನೋಡಿದ, ಸಾಲಲಿಲ್ಲ. ಆಗ ಮನೆಯ ಕಾಚಂಪುಳಿ ನೆನಪಾಯಿತು, ಹಂದಿಸಾರಿಗೆ ಹಾಕುವ ಕಪ್ಪು ಹುಳಿ. ಎರಡು ಹನಿಗೆ ಸ್ಪ್ರಿಂಗು ಫಳಫಳ ಎಂದಿತು. ಇನ್ನುಳಿದದ್ದು ದೀಪಕ್ಕೊಂದು ಮನೆ. ಮುರಿದ ಪ್ಲಾಸ್ಟಿಕ್ ಕಾಲನ್ನು ಮತ್ತೆ ಕೂಡಿಸುವುದು ಆಗದ ಕೆಲಸ. ಅಡುಗೆಮನೆಯ ಕಿಟಕಿಯಲ್ಲಿ ದಮಯಂತಿ ತೊಳೆದು ಬೋರಲು ಹಾಕಿದ್ದ ಉಪ್ಪಿನಕಾಯಿ ಬಾಟಲಿಗಳು ಅವನ ಕಣ್ಣಿಗೆ ಬಿದ್ದವು. ಗಾಜು ದಪ್ಪ, ಬಾಯಿ ಅಗಲ. ಮುಚ್ಚಳವನ್ನು ಸೋಲಾರ್ ಹಲಗೆಯ ಅಳತೆಗೆ ಕತ್ತರಿಸಿ, ಅಂಟು ಹಾಕಿ ಕೂರಿಸಿದ. ಹಲಗೆ ಆಕಾಶ ನೋಡಿತು, ಎಲ್‌ಇಡಿ ಬಾಟಲಿಯೊಳಗೆ ಇಳಿಯಿತು.

ಸಂಜೆ ದಮಯಂತಿ ಹಿತ್ತಲಿನಿಂದ ಬಂದವಳು ಕಿಟಕಿ ನೋಡಿದಳು.

‘ಇಲ್ಲಿ ಮೂರ್ ಬಾಟ್ಲಿ ಇತ್ತ್. ಎಲ್ಲಿ ಹೋತ್?’

‘ನಂಗೆ ಗೊತ್ತಿಲ್ಲೆ.’

‘ನಿಮ್ಗೆ ಗೊತ್ತಿಲ್ಲದೆ ಬೇರೆ ಯಾರಿಗೆ ಗೊತ್ತುಟ್ಟು? ಕಾಚಂಪುಳಿ ಕುಪ್ಪಿಯ ಬಿರಡೆನೂ ತೆಗೆದುಟ್ಟು.’

ದೇರಪ್ಪ ಅಂಗಳದ ಕಡೆ ಕೈ ತೋರಿಸಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೂರು ಬಾಟಲಿಗಳು ಸಾಲಾಗಿ ಕೂತಿದ್ದವು. ಹೊತ್ತು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಹತ್ತಿಕೊಂಡಿತು, ಅದರ ಬೆನ್ನಿಗೆ ಇನ್ನೆರಡು. ಯಾರೂ ಮುಟ್ಟಿರಲಿಲ್ಲ. ದಮಯಂತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಹೋಗಿ ಬಗ್ಗಿ ನೋಡಿದಳು.

‘ಚೆಂದ ಉಟ್ಟು,’ ಎಂದು ಮೆಚ್ಚಿದಳು. ಆಮೇಲೆ, ‘ಆದ್ರೆ ಕಣ್ಣಿಗೆ ಕುತ್ತುದು.’

ನಿಜವೇ. ಎಲ್‌ಇಡಿ ಬೆಳಕು ಸೂಜಿಮೊನೆಯ ಹಾಗಿತ್ತು. ಮರುದಿನ ಅಟ್ಟ ಹತ್ತಿ ಮ್ಯಾಂಟಲ್‌ಗಳ ಡಬ್ಬ ಇಳಿಸಿದವಳು ದಮಯಂತಿಯೇ. ಒಂದೊಂದು ಎಲ್‌ಇಡಿಗೂ ಒಂದೊಂದು ಬಿಳಿ ಬಲೆಯ ಚೀಲ ತೊಡಿಸಿ ದಾರ ಕಟ್ಟಿದಳು. ಆ ಸಂಜೆ ಬಾಟಲಿಯೊಳಗೆ ಬೆಳಕು ಹಾಲಿನ ಹಾಗೆ ಹರಡಿ ನಿಂತಿತು. ದೇರಪ್ಪ ತುಂಬ ಹೊತ್ತು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ಬಾಟಲಿಯೂ ಖಾಲಿ ಇರಲಿಲ್ಲ. ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. ಮೊದಲ ಬೇಸಿಗೆ ಮಳೆಗೆ ಆರು ದೀಪಗಳೊಳಗೆ ನೀರು ಇಳಿಯಿತು. ಒಂದರಲ್ಲಿ ಕೆಂಪಿರುವೆ ಗೂಡು ಕಟ್ಟಿತು. ಅಂಟು ಒಣಗುವ ಮೊದಲೇ ಮುಚ್ಚಿದ ಬಾಟಲಿಗಳ ಗಾಜು ಒಳಗಿನಿಂದ ಬೆವರಿತು. ದೇರಪ್ಪ ಅಂಟನ್ನು ಎರಡು ದಿನ ಬಿಸಿಲಲ್ಲಿ ಒಣಗಿಸುವುದನ್ನು ಕಲಿತ. ದಮಯಂತಿ ಮುಚ್ಚಳದ ಸುತ್ತ ಜೇನುಮೇಣ ಸವರುವುದನ್ನು ಕಂಡುಹಿಡಿದಳು. ಮ್ಯಾಂಟಲ್ ಮುಗಿದ ಮೇಲೆ ಹಳೆಯ ಸೊಳ್ಳೆಪರದೆ ಕತ್ತರಿಸಿದರು. ಒಂದು ದೀಪ ದನದ ಹಟ್ಟಿಯ ಮೆಟ್ಟಿಲಿಗೆ ಹೋಯಿತು, ಒಂದು ಬಾವಿಕಟ್ಟೆಗೆ, ಎರಡು ಪಕ್ಕದ ಮನೆಗೆ. ಪಕ್ಕದ ಮನೆ ಎಂದರೆ ದೇರಪ್ಪನ ತಮ್ಮ ತೀರ್ಥಪ್ರಸಾದನ ಮನೆ. ಅವನ ಮಗಳು ಶ್ವೇತ ಗೋಣಿಕೊಪ್ಪಲಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಎರಡು ಮನೆಯಲ್ಲೂ ಉಂಡು ಬೆಳೆದವಳು.

ಕಳೆದ ವರ್ಷ ಶ್ವೇತಳಿಗೆ ಮದುವೆ ಗೊತ್ತಾಯಿತು, ಏಪ್ರಿಲ್ ಕೊನೆಗೆ. ಮದುವೆ ಮಡಿಕೇರಿಯ ಸಮಾಜದ ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಚಪ್ಪರದ ಶಾಸ್ತ್ರ ಮನೆಯ ಅಂಗಳದಲ್ಲಿ. ನಿಶ್ಚಯ ಮುಗಿದ ಸಂಜೆಯೇ ಅವಳು ದೊಡ್ಡಪ್ಪನ ಜಗಲಿಗೆ ಬಂದು ಕೂತಳು.

‘ದೊಡ್ಡಪ್ಪ, ನನ್ನ ಚಪ್ಪರಕ್ಕೆ ಗೇಟಿಂದ ಅಂಗಳದವರೆಗೂ ನಿಮ್ಮ ದೀಪವೇ ಬೇಕು. ಸೀರಿಯಲ್ ಸೆಟ್ ಎಲ್ಲ ಬೊತ್ತು,’ ಎಂದು ಬೇಡವೆನ್ನುವಂತೆ ಕೈಯಾಡಿಸಿದಳು.

‘ಎಷ್ಟ್ ಬೇಕು?’

‘ನೂರು.’

ಮನೆಯಲ್ಲಿದ್ದದ್ದು ಮೂವತ್ತೆಂಟು. ದೇರಪ್ಪ ಹೂಂ ಎಂದುಬಿಟ್ಟ. ತಂಗಮ್ಮ ತಮ್ಮ ಪರಿಚಯದ ಹೋಂಸ್ಟೇಗಳಿಗೆಲ್ಲ ಫೋನು ಮಾಡಿ ಕೆಟ್ಟ ಲೈಟುಗಳನ್ನು ಒಟ್ಟು ಮಾಡಿಸಿದರು. ದಮಯಂತಿ ಹೋದ ಮನೆಗಳಿಂದೆಲ್ಲ ಜೇನಿನ, ಜಾಮಿನ, ಹಾರ್ಲಿಕ್ಸಿನ ಬಾಟಲಿ ಹೊತ್ತು ತಂದಳು. ಎರಡು ತಿಂಗಳು ಅಂಗಡಿ ಮುಚ್ಚಿದ ಮೇಲೆ ಇಬ್ಬರಿಗೂ ಜಗಲಿಯಲ್ಲೇ ಕೆಲಸ. ಅವನು ಮುಚ್ಚಳ ಕತ್ತರಿಸಿದರೆ ಅವಳು ಪರದೆ ಕಟ್ಟುತ್ತಿದ್ದಳು. ಮಾತು ಬೇಕಾದಾಗ ಮಾತು, ಬೇಡವಾದಾಗ ರೇಡಿಯೊ. ಮದುವೆಗೆ ಐದು ದಿನ ಇರುವಾಗ ನೂರನೆಯದು ಮುಗಿಯಿತು. ದಿನಾ ಬಿಸಿಲಿಗಿಟ್ಟು, ಸಂಜೆ ಹತ್ತುವುದನ್ನು ಎಣಿಸಿ, ನೂರಕ್ಕೆ ನೂರೂ ಸರಿ ಎಂದು ದೇರಪ್ಪ ನಿಶ್ಚಿಂತನಾದ. ಕತ್ತಲಾಯಿತೆಂದು ಅವುಗಳಿಗೆ ಹೇಗೆ ತಿಳಿಯುತ್ತದೆ ಎಂದು ಮಾತ್ರ ಅವನು ಯಾವತ್ತೂ ಯೋಚಿಸಿರಲಿಲ್ಲ.

ಚಪ್ಪರದ ದಿನ ಒಳ್ಳೆಯ ಬಿಸಿಲಿತ್ತು. ಬೆಳಿಗ್ಗೆಯೇ ಗೇಟಿನಿಂದ ಅಂಗಳದವರೆಗೆ, ಕಾಫಿಗಿಡಗಳ ನಡುವಿನ ದಾರಿಯ ಎರಡೂ ಬದಿಗೆ ಬಾಟಲಿಗಳನ್ನು ಸಾಲಾಗಿ ಇಟ್ಟರು. ಸಂಜೆ ಆರೂವರೆಗೆ ನೆಂಟರು ಜೀಪು, ಕಾರುಗಳಲ್ಲಿ ಬರತೊಡಗಿದರು. ಶಾಮಿಯಾನದವರು ತೋಟದ ಎರಡು ಸಿಲ್ವರ್ ಓಕ್ ಮರಗಳಿಗೆ ದೊಡ್ಡ ಫೋಕಸ್ ಲೈಟು ಕಟ್ಟಿದ್ದರು. ಅವು ಹೊತ್ತಿಕೊಂಡು ಅಂಗಳ, ದಾರಿ, ಗೇಟು ಎಲ್ಲ ಹಗಲಿನ ಹಾಗೆ ಬೆಳಗಿದವು. ಏಳು ಗಂಟೆಯಾಯಿತು, ಬಾಟಲಿಗಳಲ್ಲಿ ಒಂದೂ ಹತ್ತಲಿಲ್ಲ.

ದೇರಪ್ಪ ಒಂದು ಬಾಟಲಿ ಎತ್ತಿ ಅಲ್ಲಾಡಿಸಿದ. ಇನ್ನೊಂದರ ಮುಚ್ಚಳ ಬಿಚ್ಚಿ ಸೆಲ್ಲು ತೆಗೆದು ಮತ್ತೆ ಹಾಕಿದ. ಕಾರಿನಿಂದ ಇಳಿದ ನೆಂಟನೊಬ್ಬ ನಿಂತು ನೋಡಿ, ‘ದೇರಪ್ಪಣ್ಣ, ದಾರಿ ಉದ್ದಕ್ಕೂ ಎಂತ ಇದ್, ಉಪ್ಪಿನಕಾಯಿಯಾ?’ ಎಂದ. ಜೊತೆಗಿದ್ದವರು ನಕ್ಕರು. ಕೆಟ್ಟ ನಗುವಲ್ಲ. ಆದರೂ ದೇರಪ್ಪ ತಲೆಯೆತ್ತದೆ ಮೂರನೆಯ ಬಾಟಲಿಯ ಮುಚ್ಚಳ ಬಿಚ್ಚಿದ. ಐವತ್ತು ವರ್ಷದಲ್ಲಿ ಅವನು ದೀಪ ಕೊಂಡುಹೋದ ಮನೆಯಲ್ಲಿ ದೀಪ ಹತ್ತದೆ ಇದ್ದದ್ದೇ ಇಲ್ಲ. ಈಗ ತಮ್ಮನ ಮಗಳ ಚಪ್ಪರದಲ್ಲಿ ಹೀಗಾಗಬೇಕೇ?

‘ಒಳಗೆ ತಕ್ಕಂಡ್ ಹೋಕನ,’ ಎಂದ ದಮಯಂತಿಗೆ, ಮೆಲ್ಲಗೆ. ‘ಜನ ನೋಡುದು ಬೊತ್ತು.’

ದಮಯಂತಿ ಮೊದಲ ಬಾಟಲಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ರೇಷ್ಮೆ ಸೀರೆಯ ಸೆರಗು ಜಾರಿ ಮುಚ್ಚಳದ ಮೇಲೆ ಬಿತ್ತು. ಬಾಟಲಿ ಹತ್ತಿಕೊಂಡಿತು.

ಸೆರಗು ತೆಗೆದಳು, ಆರಿತು. ಮತ್ತೆ ಮುಚ್ಚಿದಳು, ಹತ್ತಿತು.

‘ಓಯ್, ಇಲ್ಲಿ ಬನ್ನಿ!’ ಎಂದು ಅವಳು ಕೂಗಿದ್ದಕ್ಕೆ ದೇರಪ್ಪನ ಜೊತೆ ಇನ್ನೂ ನಾಲ್ಕು ಜನ ತಿರುಗಿ ನೋಡಿದರು. ದೇರಪ್ಪ ಒಮ್ಮೆ ಬಾಟಲಿಯನ್ನೂ ಒಮ್ಮೆ ಸಿಲ್ವರ್ ಮರದ ಮೇಲಿನ ಫೋಕಸನ್ನೂ ನೋಡಿದ. ಅಷ್ಟು ಸಾಕಾಯಿತು. ಸೋಲಾರ್ ಹಲಗೆಯ ಮೇಲೆ ಬೆಳಕು ಬೀಳುತ್ತಿರುವವರೆಗೆ ದೀಪಕ್ಕೆ ಅದು ಹಗಲೇ. ಬಿಸಿಲೋ ಫೋಕಸ್ಸೋ ಅದಕ್ಕೆ ಗೊತ್ತಾಗುವುದಿಲ್ಲ.

ಅವನು ತಮ್ಮನ ಹತ್ತಿರ ಓಡಿದ. ‘ತೀರ್ಥಾ, ದಾರಿ ಕಡೆ ಫೋಕಸ್ ಆರ್ಸ್. ಎಲ್ಲ ಹತ್ತುದು.’

ತೀರ್ಥಪ್ರಸಾದನ ತಲೆಯ ತುಂಬ ನೂರು ಕೆಲಸ. ‘ಆರ್ಸಿದ ಮೇಲೆ ಹತ್ತದಿದ್ದರೆ? ಜನ ಬರುವ ಹೊತ್ತಲ್ಲಿ ದಾರಿ ಕತ್ತಲೆ ಮಾಡುದಾ ಅಣ್ಣ? ಅಲ್ಲಿ ಮೆಟ್ಟಿಲು ಬೇರೆ ಉಟ್ಟು. ವಿಡಿಯೊದವ್ರೂ ಬೈದಾರು.’

ತಪ್ಪು ಮಾತೇನಲ್ಲ. ಅಷ್ಟರಲ್ಲಿ ದಮಯಂತಿ ಜಗಲಿಯಿಂದ ಒಂದು ದೊಡ್ಡ ಹರಿವಾಣ ಹೊತ್ತು ಬಂದಳು. ನೆಂಟರಿಗೆ ಕೊಡಲೆಂದು ಜೋಡಿಸಿಟ್ಟಿದ್ದ ವೀಳ್ಯದೆಲೆ, ಅಡಿಕೆ. ಒಂದು ಎಲೆಯನ್ನು ಎರಡಾಗಿ ಮಡಿಸಿ ಮುಚ್ಚಳದ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಒಂದು ಅಡಿಕೆ ಹೇರಿದಳು. ದೀಪ ಹತ್ತಿತು. ಎರಡನೆಯದಕ್ಕೂ ಹಾಗೇ ಮಾಡಿದಳು. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ತಂಗಮ್ಮ ಕೊಡಗು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ತೆಗೆದುಕೊಂಡು ಎದುರು ಸಾಲಿಗೆ ಬಂದರು. ನಗುತ್ತಿದ್ದ ನೆಂಟನ ಹೆಂಡತಿ ಬಂದಳು. ಅಡುಗೆಯ ಕಡೆಯಿಂದ ಇಬ್ಬರು ಬಂದರು. ಹೆಂಗಸರೆಲ್ಲ ಬಗ್ಗಿ, ಎಲೆ ಮಡಿಸಿ, ಅಡಿಕೆ ಹೇರಿ, ಒಂದೊಂದು ದೀಪಕ್ಕೂ ವೀಳ್ಯ ಕೊಟ್ಟು ಮದುವೆಗೆ ಕರೆಯುವವರ ಹಾಗೆ ಮುಂದೆ ಸಾಗಿದರು. ಗೇಟಿನವರೆಗೆ ಎರಡು ಸಾಲು ಬೆಳಕು ಹರಿಯಿತು.

ಶ್ವೇತ ಮದರಂಗಿ ಹಚ್ಚಿದ ಕೈಗಳನ್ನು ದೂರ ಹಿಡಿದುಕೊಂಡು ಜಗಲಿಗೆ ಬಂದು ನೋಡಿದಳು.

‘ಅಪ್ಪ, ಇನ್ನಾದ್ರೂ ಆ ಫೋಕಸ್ ಆರ್ಸಿ,’ ಎಂದಳು.

ತೀರ್ಥಪ್ರಸಾದ ತಾನೇ ಹೋಗಿ ದಾರಿ ಕಡೆಯ ಸ್ವಿಚ್ಚು ಆರಿಸಿದ. ಕಾಫಿಗಿಡಗಳ ಬುಡದಲ್ಲಿ ನೂರು ಬಾಟಲಿಗಳು, ಎಲೆಯ ಟೋಪಿ ಹಾಕಿಕೊಂಡು, ಹಾಲುಬೆಳಕಿನಲ್ಲಿ ಕೂತಿದ್ದವು. ಗೇಟಿನಿಂದ ನಡೆದು ಬರುತ್ತಿದ್ದವರ ಕಾಲು, ಸೀರೆಯ ಅಂಚು, ಆಮೇಲೆ ಮೆಲ್ಲಗೆ ಮುಖ ಕಾಣುತ್ತಿತ್ತು. ವಿಡಿಯೊದವನು ಬೈಯಲಿಲ್ಲ. ಕ್ಯಾಮೆರಾ ಹಿಡಿದು ನೆಲಕ್ಕೇ ಕೂತ.

ಗ್ಯಾಸ್‌ಲೈಟಿನ ಕೂಸಪ್ಪನೂ ಬಂದಿದ್ದ. ಎಂಬತ್ತೆಂಟು ವರ್ಷ, ಮೊಮ್ಮಗಳ ಕೈ ಹಿಡಿದು ನಡೆಯುತ್ತಾನೆ, ಕಿವಿ ಮಾತ್ರ ಇನ್ನೂ ಚುರುಕು. ದೇರಪ್ಪ ಒಂದು ಬಾಟಲಿ ತಂದು ಅವನ ಕೈಗೆ ಕೊಟ್ಟ. ಮುದುಕ ಅದನ್ನು ತಿರುಗಿಸಿ ನೋಡಿ ಕಿವಿಯ ಹತ್ತಿರ ಹಿಡಿದ.

‘ಸದ್ದೇ ಇಲ್ಲೆ.’

‘ಇಲ್ಲೆ.’

‘ಪಂಪ್ ಹೊಡಿಯುದೂ ಬೊತ್ತಾ?’

‘ಬೊತ್ತು ಕೂಸಪ್ಪಣ್ಣ. ಹಗಲು ಬಿಸಿಲಿಗಿಟ್ಟರೆ ಆತ್.’

‘ಹಂಗಾರೆ ನಿನ್ನ ಕೈಗೆ ಸ್ವಲ್ಪ ಆರಾಮ,’ ಎಂದ ಕೂಸಪ್ಪ. ಬಾಟಲಿಯನ್ನು ವಾಪಸು ಕೊಡಲಿಲ್ಲ. ಊಟಕ್ಕೆ ಕೂತಾಗಲೂ ಎಲೆಯ ಪಕ್ಕದಲ್ಲೇ ಇಟ್ಟುಕೊಂಡ, ಹೋಗುವಾಗ ಮನೆಗೂ ಕೊಂಡುಹೋದ.

ಆ ಮದುವೆಯಾದ ಮೇಲೆ ದೇರಪ್ಪನ ದೀಪಕ್ಕೆ ಕೇಳುವವರು ಹೆಚ್ಚಿದರು. ಜೂನಿನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಇಬ್ಬರು ದೀಪ ವಾಪಸು ತಂದರು, ಹತ್ತುವುದಿಲ್ಲ ಎಂದು. ಹದಿನೈದು ದಿನದಿಂದ ಸೂರ್ಯನ ಮುಖವನ್ನೇ ಯಾರೂ ನೋಡಿರಲಿಲ್ಲ; ದೀಪ ಎಲ್ಲಿಂದ ಹತ್ತಬೇಕು? ಕರೆಂಟೂ ಇಲ್ಲದ ದಿನಗಳಲ್ಲೇ ಇದು ಕೈಕೊಡುತ್ತದಲ್ಲ ಎಂದು ದೇರಪ್ಪನಿಗೆ ಬೇಸರವಾಯಿತು. ಆ ವಾರ ಅವನು ದೀಪಗಳ ಸೆಲ್ಲುಗಳನ್ನು ಬಿಚ್ಚಿ, ಪಕ್ಕದ ಔಷಧಿ ಅಂಗಡಿಯ ಇನ್ವರ್ಟರಿಗೆ ಚಾರ್ಜರ್ ಸಿಕ್ಕಿಸಿ ತುಂಬಿಸಿಕೊಟ್ಟ. ಅಂದಿನಿಂದ ದೀಪ ಕೊಳ್ಳುವವರಿಗೆ ಮೊದಲೇ ಹೇಳುತ್ತಾನೆ: ‘ಮಳೆಗಾಲದಲ್ಲಿ ಸೆಲ್ಲು ಬಿಚ್ಚಿ ನನ್ನ ಹತ್ರ ಕಳಿಸಿ. ಬಾಟ್ಲಿ ಕಪಾಟಿನಲ್ಲಿ ನಿದ್ದೆ ಮಾಡಲಿ.’ ಹೀಗೆ ಹೇಳಿದರೆ ಕೊಳ್ಳದೆ ಹೋಗುವವರೂ ಇದ್ದಾರೆ. ಹೋಗಲಿ ಎನ್ನುತ್ತಾಳೆ ದಮಯಂತಿ. ಆಮೇಲೆ ಬೈಸಿಕೊಳ್ಳುವುದಕ್ಕಿಂತ ವಾಸಿ.

ಮಳೆ ಬಿಟ್ಟ ಮೇಲೆ, ನವೆಂಬರಿನಲ್ಲಿ, ತಂಗಮ್ಮ ಮತ್ತೆ ಅಂಗಡಿಗೆ ಬಂದರು. ಈ ಸಲ ಚೀಲ ಇರಲಿಲ್ಲ.

‘ದೇರಪ್ಪಣ್ಣ, ಪ್ರತಿ ಭಾನುವಾರ ಬೆಳಿಗ್ಗೆ ಇಬ್ರೂ ನಮ್ಮಲ್ಲಿಗೆ ಬನ್ನಿ. ಗೆಸ್ಟ್‌ಗಳಿಗೆ ಇದನ್ನ ಮಾಡೋದು ತೋರಿಸಬೇಕು. ಬರೀ ತಿಂದು ಮಲಗಿ ಅವ್ರಿಗೂ ಬೇಜಾರು.’

‘ನಂಗೆ ಇಂಗ್ಲಿಷ್ ಬರೋದಿಲ್ಲ ತಂಗಮ್ಮಕ್ಕ.’

‘ಸ್ಕ್ರೂಡ್ರೈವರಿಗೆ ಎಂಥ ಇಂಗ್ಲಿಷು?’

ಮೊದಲ ಭಾನುವಾರ ದೇರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಎಂಟು ಜನ ಮೇಜಿನ ಸುತ್ತ ಕೂತಿದ್ದರು. ಅವನು ಬಿಚ್ಚಿ ತೋರಿಸಿದ, ಅವರು ಬಿಚ್ಚಿದರು. ದಮಯಂತಿ ಒಬ್ಬೊಬ್ಬರ ಹಿಂದೆ ನಿಂತು, ‘ಅಲ್ಲ, ಹಾಗಲ್ಲ, ಹೀಗೆ’ ಎಂದು ಕನ್ನಡದಲ್ಲೇ ಹೇಳುತ್ತ ಅವರ ಬೆರಳನ್ನು ಹಿಡಿದೇ ದಾರ ಕಟ್ಟಿಸಿದಳು. ಎಲ್ಲರಿಗೂ ಅರ್ಥವಾಯಿತು. ಚೆನ್ನೈಯಿಂದ ಬಂದಿದ್ದ ನಿವೃತ್ತ ಡಾಕ್ಟರೊಬ್ಬರು ಮುಚ್ಚಳ ಕತ್ತರಿಸುವಾಗ ಬೆರಳು ಗೀರಿಕೊಂಡರು. ಹೆಂಡತಿ ಗಾಬರಿಯಾದರೂ ಅವರು ಬಿಡಲಿಲ್ಲ, ಪಟ್ಟಿ ಸುತ್ತಿಕೊಂಡು ಮುಗಿಸಿಯೇ ಎದ್ದರು. ತಾವೇ ಮಾಡಿದ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು, ದೇರಪ್ಪನ ಮುಂದೆ ನಿಂತು ಏನೋ ಕೇಳಿದರು.

‘ಇದು ಎಷ್ಟು ವರ್ಷ ಬರ್ತದೆ ಅಂತ ಕೇಳ್ತಿದ್ದಾರೆ,’ ಎಂದರು ತಂಗಮ್ಮ.

ದೇರಪ್ಪ ಯೋಚಿಸಿದ. ‘ಸೆಲ್ಲು ಎರಡು ವರ್ಷ. ಬೀಳಿಸದಿದ್ದರೆ ಬಾಟ್ಲಿ ನಮ್ಮೆಲ್ಲರಿಗಿಂತ ಜಾಸ್ತಿ. ಕೆಟ್ಟರೆ ಎಸಿಬೇಡಿ, ಮೂರ್ನಾಡಿಗೆ ತನ್ನಿ, ನಾನು ಅಂಗಡಿಯಲ್ಲೇ ಇರ್ತೇನೆ ಅಂತ ಹೇಳಿ.’

‘ಭಾನುವಾರ ಬಿಟ್ಟು,’ ಎಂದಳು ದಮಯಂತಿ, ಮೇಜಿನ ಮೇಲಿನ ದಾರದ ತುಂಡುಗಳನ್ನು ಒಟ್ಟುಗೂಡಿಸುತ್ತ.